ಲಿನಕ್ಸಿನ ಬೀಟಾ ಆವೃತ್ತಿ: ಪರಿಶೋಧನೆಯ ಒಂದು ಪಾಠ



ನಮ್ಮ ಶಾಲೆಯ ಹೊಲಿಗೆಯ ತರಗತಿಯನ್ನು ನೀವು ಮರೆತಿರಲಾರಿರಿ. ಬಟ್ಟೆಯನ್ನು ಕತ್ತರಿಸಿದೊಡನೆ ಅದನ್ನು ಹೊಲಿಗೆಯಂತ್ರಕ್ಕೆ ಕೊಡುವದಕ್ಕೆ ನಮಗೆ ಅಪ್ಪಣೆ ಇರಲಿಲ್ಲ. ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಬೇಕು; ತೊಡತಕ್ಕವಳಿಗೆ ತೊಡಿಸಿ ನೋಡಬೇಕು; ಹೆಗಲು ಬಿಗಿಯಾಯಿತೋ, ತೋಳು ಉದ್ದವಾಯಿತೋ ಎಂದು ಅವಳನ್ನೇ ಕೇಳಬೇಕು; ಆ ಬಳಿಕ ಮಾತ್ರ ಗಟ್ಟಿ ಹೊಲಿಗೆ ಹಾಕಿ ಕಚ್ಚಾ ದಾರವನ್ನು ಬಿಚ್ಚಬೇಕು. ಕಚ್ಚಾ ಹೊಲಿಗೆಯ ರವಿಕೆಯನ್ನು ತೊಟ್ಟುಕೊಂಡು ಯಾರೂ ಮದುವೆಮನೆಗೆ ಹೋಗುವದಿಲ್ಲ. ಆದರೆ ಅದನ್ನು ತೊಟ್ಟು ನೋಡುವವಳು ಒಬ್ಬಳಿಲ್ಲದಿದ್ದರೆ ಮದುವೆಮನೆಗೆ ಯೋಗ್ಯವಾದ ರವಿಕೆಯು ಸಿದ್ಧವಾಗುವದೂ ಇಲ್ಲ.

ಇಂದಿನ ದಿನಗಳಲ್ಲಿ ಮನೆಮನೆಗೆ ಬಂದಿರುವ ಗಣಕಯಂತ್ರವನ್ನು ನಡೆಸುವ ವ್ಯವಸ್ಥೆಗಳೂ ಹೀಗೆಯೇ ತಯಾರಾಗುತ್ತವೆ. ಪೂರ್ಣಗೊಳ್ಳುವದಕ್ಕೆ ಮುಂಚೆ, ತೊಟ್ಟು ನೋಡುವವರಿಗಾಗಿ ಹೊರಗೆ ಬಿಡುವ ಪ್ರತಿಗೆ ಬೀಟಾ ಎಂದು ಹೆಸರು. ಈ ಲೇಖನದಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯ ಬೀಟಾ ಆವೃತ್ತಿಯನ್ನು ಪರಿಶೋಧಿಸುವದು ಯಾಕೆ, ಹೇಗೆ, ಅದರಲ್ಲಿ ಕನ್ನಡ ಬಲ್ಲವರ ಪಾಲೇನು ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ನೋಡೋಣ.

೧. ಲಿನಕ್ಸ್ ಎಂದರೇನು

ಗಣಕಯಂತ್ರವು ತಾನಾಗಿ ಏನನ್ನೂ ಅರಿಯದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವದು, ಬರೆದ ಪತ್ರವನ್ನು ಡಿಸ್ಕಿನಲ್ಲಿ ಜೋಪಾನವಾಗಿಡುವದು, ಮುದ್ರಣಯಂತ್ರಕ್ಕೆ ಕಳುಹಿಸುವದು, ಇವೆಲ್ಲವನ್ನೂ ನಡೆಸುವ ಮೂಲತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ದೊಡ್ಡ ಮನೆಯಲ್ಲಿ ಅಡಿಗೆಯವರು, ನೀರು ತರುವವರು, ಬಾಗಿಲು ಕಾಯುವವರು ಎಲ್ಲರ ಮೇಲೆಯೂ ಕಣ್ಣಿಟ್ಟಿರುವ ಮನೆವಾರ್ತೆಯವನಂತೆ ಅದರ ಕೆಲಸ. ವಿಂಡೋಸ್ ಎಂಬದು ಅಂಥದೊಂದು. ಲಿನಕ್ಸ್ ಎಂಬದು ಇನ್ನೊಂದು.

೧೯೯೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನುಸ್ ಟೊರ್ವಾಲ್ಡ್ಸ್ ಎಂಬವರು ತಾವು ಇಂಥ ವ್ಯವಸ್ಥೆಯ ತಿರುಳನ್ನು ಬರೆಯುತ್ತಿರುವದಾಗಿ ಪ್ರಕಟಿಸಿ ಬಲ್ಲವರ ಅಭಿಪ್ರಾಯವನ್ನು ಕೇಳಿದರು. ಆಗ ಅವರಿಗೆ ೨೧ ವರ್ಷ. ಅದಕ್ಕೆ ಎಂಟು ವರ್ಷ ಮುಂಚೆ, ೧೯೮೩ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಗ್ನೂ ಎಂಬ ಉದ್ಯಮವನ್ನು ಪ್ರಾರಂಭಿಸಿದ್ದರು. ತಂತ್ರಾಂಶವನ್ನು ಇಷ್ಟಬಂದಂತೆ ಉಪಯೋಗಿಸುವದು, ಅದು ಹೇಗೆ ಬರೆದಿದೆ ಎಂದು ತೆರೆದು ಓದುವದು, ಪ್ರತಿಮಾಡಿ ನೆರೆಯವರಿಗೆ ಕೊಡುವದು, ತಿದ್ದಿ ಉತ್ತಮಪಡಿಸಿ ಹಂಚುವದು, ಈ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಇರಬೇಕೆಂಬದು ಅವರ ಸಿದ್ಧಾಂತ. ಗ್ನೂ ಉದ್ಯಮದ ಸಾಧನಗಳೂ ಲಿನಕ್ಸ್ ತಿರುಳೂ ಕೂಡಿದಾಗ ಪೂರ್ಣವಾದ ವ್ಯವಸ್ಥೆಯಾಯಿತು.

ಈ ತಿರುಳಿನ ಸುತ್ತಲೂ ಬೇಕಾದ ಉಪಕರಣಗಳನ್ನು ಜೋಡಿಸಿ ಸಾಮಾನ್ಯ ಜನರು ಉಪಯೋಗಿಸುವಂತೆ ಅಣಿಮಾಡಿಕೊಡುವ ಕಟ್ಟುಗಳು ಹಲವು ಉಂಟು: ಡೆಬಿಯನ್, ಫೆಡೋರಾ, ಉಬುಂಟು ಮೊದಲಾದವು. ಉಬುಂಟುವಿನ ಮೊದಲನೆಯ ಆವೃತ್ತಿಯು ೨೦೦೪ನೆಯ ಅಕ್ಟೋಬರದಲ್ಲಿ ಹೊರಬಂದಿತು. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಎಂಬವರು ಅದರ ಸ್ಥಾಪಕರು. ಉಬುಂಟು ಎಂಬದು ಆ ದೇಶದ ಭಾಷೆಗಳ ಒಂದು ಶಬ್ದ. ಒಬ್ಬನು ಮನುಷ್ಯನಾಗುವದು ಇತರರ ಮೂಲಕವೇ ಎಂಬ ಭಾವವು ಅದರಲ್ಲಿ ಅಡಗಿದೆ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರು ತಮ್ಮ ಬೋಧನೆಗಳಲ್ಲಿ ವಿವರಿಸಿದ ಮಾತು ಇದೇ. ಪ್ರತಿವರ್ಷ ಏಪ್ರಿಲ್ ಮತ್ತು ಅಕ್ಟೋಬರ ತಿಂಗಳುಗಳಲ್ಲಿ ಒಂದೊಂದು ಹೊಸ ಆವೃತ್ತಿಯು ಹೊರಡುತ್ತದೆ. ಆವೃತ್ತಿಯ ಸಂಖ್ಯೆಯಲ್ಲಿಯೇ ವರ್ಷವೂ ತಿಂಗಳೂ ಇರುತ್ತವೆ, ೨೪.೦೪ ಎಂದರೆ ೨೦೨೪ನೆಯ ವರ್ಷದ ನಾಲ್ಕನೆಯ ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ಆವೃತ್ತಿಗೆ ಐದು ವರ್ಷಗಳ ತನಕ ತಿದ್ದುಪಡಿಗಳು ಸಲ್ಲುತ್ತವೆ.

೨. ಬೀಟಾ ಎಂದರೇನು

ಪ್ರಕಟಣೆಯ ಗ್ರಂಥವನ್ನು ಓದುವ ನಮಗೆ ಗ್ರೀಕ್ ಅಕ್ಷರಮಾಲೆಯ ಮೊದಲನೆಯದಾದ ಆಲ್ಫವೂ ಕಡೆಯದಾದ ಓಮೇಗವೂ ಪರಿಚಿತವಾಗಿವೆ. ಬೀಟಾ ಎಂಬದು ಅದರ ಎರಡನೆಯ ಅಕ್ಷರ. ತಂತ್ರಾಂಶವನ್ನು ಕಟ್ಟುವವರು ತಮ್ಮೊಳಗೇ ಪರೀಕ್ಷಿಸುವ ಪ್ರತಿಗೆ ಆಲ್ಫ ಎಂದೂ, ಹೊರಗಿನವರ ಪರೀಕ್ಷೆಗೆ ಬಿಡುವ ಪ್ರತಿಗೆ ಬೀಟಾ ಎಂದೂ ಹೆಸರಿಡುವದು ರೂಢಿ. ಬೀಟಾ ಹೊರಡುವ ಹೊತ್ತಿಗೆ ಹೊಸ ಅಂಗಗಳನ್ನು ಸೇರಿಸುವದು ನಿಂತಿರುತ್ತದೆ; ಆ ಮೇಲೆ ದೋಷಗಳನ್ನು ಹುಡುಕಿ ತಿದ್ದುವ ಕೆಲಸ ಮಾತ್ರ. ಉಬುಂಟು ೨೪.೦೪ರ ವೇಳಾಪಟ್ಟಿಯಲ್ಲಿ ಬೀಟಾಕ್ಕೂ ಪೂರ್ಣ ಆವೃತ್ತಿಗೂ ಮೂರು ವಾರಗಳ ಅಂತರವಿತ್ತು.

ಕಟ್ಟಿದವರೇ ಪರೀಕ್ಷಿಸಿದರೆ ಸಾಲದೋ ಎಂದು ಕೇಳಬಹುದು. ಸಾಲದು. ಯಾಕಂದರೆ ಅವರ ಮೇಜಿನ ಮೇಲೆ ಹತ್ತಾರು ಯಂತ್ರಗಳಿರಬಹುದೇ ಹೊರತು ಲೋಕದಲ್ಲಿರುವ ಎಲ್ಲ ಬಗೆಯ ಯಂತ್ರಗಳೂ ಇರಲಾರವು. ನಿಮ್ಮ ಮನೆಯ ಹಳೆಯ ಮುದ್ರಣಯಂತ್ರ, ನಿಮ್ಮ ಕೀಲಿಮಣೆ, ನೀವು ಬರೆಯುವ ಲಿಪಿ, ಇವು ಅವರ ಕಣ್ಣಿಗೆ ಬೀಳುವದೇ ಇಲ್ಲ. ಅದಲ್ಲದೆ, ತಾನು ಬರೆದ ನಿಬಂಧದಲ್ಲಿಯ ತಪ್ಪು ತನಗೆ ಕಾಣಿಸದು, ಪಕ್ಕದ ಮಣೆಯಲ್ಲಿ ಕೂತವಳಿಗೆ ಕೂಡಲೇ ಕಾಣಿಸುತ್ತದೆ. ಇದು ನಾವೆಲ್ಲರೂ ಶಾಲೆಯಲ್ಲಿ ಅನುಭವಿಸಿದ ಸಂಗತಿಯೇ.

೩. ಒಂದು ವಾರ ತಡವಾಗಿ ಬಂದ ಬೀಟಾ

ಪರಿಶೋಧನೆಯ ಬೆಲೆಯು ಎಷ್ಟೆಂಬದನ್ನು ೨೦೨೪ನೆಯ ಇಸವಿಯಲ್ಲಿ ನಡೆದ ಒಂದು ಸಂಗತಿಯು ಚೆನ್ನಾಗಿ ತೋರಿಸುತ್ತದೆ. ಆ ವರ್ಷ ಉಬುಂಟು ೨೪.೦೪ರ ಬೀಟಾ ಏಪ್ರಿಲ್ ೪ರಂದು ಹೊರಡಬೇಕಾಗಿತ್ತು. ಹೊರಟದ್ದು ಏಪ್ರಿಲ್ ೧೧ರಂದು. ಕಾರಣವೇನು?

ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಉಪಯೋಗದಲ್ಲಿರುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶವೊಂದುಂಟು. ದೊಡ್ಡ ಕಡತಗಳನ್ನು ಹಿಂಡಿ ಚಿಕ್ಕದು ಮಾಡುವದು ಅದರ ಕೆಲಸ. ಲಾಸ್ಸೆ ಕೊಲ್ಲಿನ್ ಎಂಬವರು ಬಹುಕಾಲ ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದರು. ೨೦೨೧ರಿಂದೀಚೆಗೆ ಜಿಯಾ ತಾನ್ ಎಂಬ ಹೆಸರನ್ನು ಧರಿಸಿದ ಒಬ್ಬರು ಸಹಾಯಕ್ಕೆ ಬಂದರು. ಒಳ್ಳೆಯ ತಿದ್ದುಪಡಿಗಳನ್ನು ಕಳುಹಿಸಿದರು. ೨೦೨೨ರಲ್ಲಿ ಬೇರೆ ಕೆಲವು ಹೆಸರುಗಳಿಂದ ಕೊಲ್ಲಿನ್ ಅವರಿಗೆ ಒತ್ತಾಯದ ಪತ್ರಗಳು ಬಂದವು: ಕೆಲಸವು ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಅಧಿಕಾರ ಕೊಡಿರಿ, ಎಂಬದು ಅವುಗಳ ಸಾರ. ದಣಿದಿದ್ದ ಮನುಷ್ಯನಿಗೆ ಸಹಾಯದ ಕೈ ಬೇಕಾಗಿತ್ತು. ಕಾಲಕ್ರಮದಲ್ಲಿ ಹೊಸಬರಿಗೆ ಆವೃತ್ತಿಗಳನ್ನು ಹೊರಡಿಸುವ ಅಧಿಕಾರವು ಸಿಕ್ಕಿತು.

೨೦೨೪ನೆಯ ಫೆಬ್ರುವರಿ ೨೪ರಂದು ೫.೬.೦ ಎಂಬ ಆವೃತ್ತಿಯೂ ಮಾರ್ಚ್ ೯ರಂದು ೫.೬.೧ ಎಂಬದೂ ಹೊರಬಂದವು. ಅವುಗಳೊಳಗೆ ಒಂದು ಕಳ್ಳಬಾಗಿಲನ್ನು ಹುದುಗಿಸಲಾಗಿತ್ತು. ಅದನ್ನು ಬಚ್ಚಿಟ್ಟ ಉಪಾಯವನ್ನು ಗಮನಿಸಿರಿ. ತಂತ್ರಾಂಶವು ಸರಿಯಾಗಿ ನಡೆಯುವದೋ ಎಂದು ನೋಡುವದಕ್ಕೆ ಪರೀಕ್ಷೆಯ ಕಡತಗಳಿರುತ್ತವೆ; ಅವುಗಳಲ್ಲಿ ಕೆಲವು ಬೇಕೆಂದೇ ಕೆಡಿಸಿದಂಥವು. ಕೆಟ್ಟ ಕಡತವೆಂದು ಹೆಸರು ಹೊತ್ತದ್ದನ್ನು ಯಾರೂ ಬಿಚ್ಚಿ ನೋಡುವದಿಲ್ಲ. ಅಲ್ಲಿಯೇ ವಿಷವನ್ನು ಅಡಗಿಸಿದ್ದರು. ದೂರದ ಯಂತ್ರಕ್ಕೆ ಗುಟ್ಟಾಗಿ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಎಂಬ ಸಾಧನವು ಕೆಲವು ಕಟ್ಟುಗಳಲ್ಲಿ ಈ ತಂತ್ರಾಂಶದ ಒಂದು ಭಾಗವನ್ನು ಪರೋಕ್ಷವಾಗಿ ಎಳೆದುಕೊಳ್ಳುತ್ತದೆ. ಆದಕಾರಣ ಗೊತ್ತಾದ ಒಂದು ಬೀಗದಕೈ ಉಳ್ಳವನು ಅಂಥ ಯಂತ್ರದೊಳಗೆ ನುಸುಳಿ ತನ್ನ ಮನಸ್ಸಿಗೆ ಬಂದ ಆಜ್ಞೆಯನ್ನು ನಡೆಸುವದು ಸಾಧ್ಯವಾಗುತ್ತಿತ್ತು. ಬ್ಯಾಂಕು, ಆಸ್ಪತ್ರೆ, ಸರಕಾರ ಮೊದಲಾದವುಗಳ ಲೆಕ್ಕಪತ್ರಗಳು ಇಂಥ ಯಂತ್ರಗಳಲ್ಲಿಯೇ ಇರುತ್ತವೆಂಬದನ್ನು ನೆನಸಿದರೆ ಅಪಾಯದ ಅಳತೆ ತಿಳಿಯುವದು.

ಇದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬವರು. ಅವರು ಭದ್ರತೆಯ ಪಂಡಿತರಾಗಿರಲಿಲ್ಲ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಗ್ರಹ ತಂತ್ರಾಂಶವನ್ನು ಕಟ್ಟುವವರಲ್ಲಿ ಒಬ್ಬರು. ಅವರ ಯಂತ್ರದಲ್ಲಿ ಡೆಬಿಯನ್ ಕಟ್ಟಿನ, ಇನ್ನೂ ಸ್ಥಿರಪಡದ ಪರೀಕ್ಷಾರ್ಥದ ಆವೃತ್ತಿಯು ಇತ್ತು. ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗುವದಕ್ಕೆ ಮೊದಲು ಸುಮಾರು ೦.೩ ಸೆಕೆಂಡು ಹಿಡಿಯುತ್ತಿದ್ದದ್ದು ಈಗ ಸುಮಾರು ೦.೮ ಸೆಕೆಂಡು ಹಿಡಿಯುತ್ತಿದೆ ಎಂದು ಅವರು ಕಂಡರು. ಅರ್ಧ ಸೆಕೆಂಡು! ಬೇರೆ ಯಾರಾದರೂ ಆಗಿದ್ದರೆ ಯಂತ್ರಕ್ಕೆ ವಯಸ್ಸಾಯಿತು ಎಂದು ಸುಮ್ಮನಾಗುತ್ತಿದ್ದರು. ಅವರು ಸುಮ್ಮನಾಗಲಿಲ್ಲ. ಕಾರಣವನ್ನು ಹುಡುಕುತ್ತಾ ಹೋಗಿ ಕಳ್ಳಬಾಗಿಲಿನ ಬುಡವನ್ನು ಮುಟ್ಟಿದರು. ೨೦೨೪ನೆಯ ಮಾರ್ಚ್ ೨೯ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಆ ದಿನ ಶುಭಶುಕ್ರವಾರವಾಗಿತ್ತು. ಸಭೆಗಳು ಆರಾಧನೆಯಲ್ಲಿ ಕೂಡಿದ್ದ ಆ ರಜೆಯ ದಿನಗಳಲ್ಲಿ ಅನೇಕ ದೇಶಗಳ ಯಂತ್ರಪಾಲಕರು ನಿದ್ದೆಗೆಟ್ಟು ತಮ್ಮ ವ್ಯವಸ್ಥೆಗಳನ್ನು ಶೋಧಿಸಬೇಕಾಯಿತು.

ಉಬುಂಟುವಿನಲ್ಲಿ ಆ ಕೆಟ್ಟ ಆವೃತ್ತಿಯು ಹೊಸ ಕಟ್ಟಿಗಾಗಿ ಕಾದಿರಿಸಿದ ಉಗ್ರಾಣದ ತನಕ ಬಂದಿತ್ತು. ಜನರ ಕೈಗೆ ಕೊಟ್ಟಿದ್ದ ಯಾವ ಪೂರ್ಣ ಆವೃತ್ತಿಯಲ್ಲಿಯೂ ಸೇರಿರಲಿಲ್ಲ. ಆದರೂ ಅದನ್ನು ಕಟ್ಟುವವರು ಕೆಟ್ಟದ್ದೊಂದನ್ನು ಮಾತ್ರ ಎಸೆದು ಮುಂದೆ ಸಾಗಲಿಲ್ಲ. ಫೆಬ್ರುವರಿ ೨೬ರಿಂದೀಚೆಗೆ ೨೪.೦೪ಕ್ಕಾಗಿ ಕಟ್ಟಿದ್ದ ಎಲ್ಲ ಭಾಗಗಳನ್ನೂ ತೆಗೆದುಹಾಕಿ, ಹೊಸದಾಗಿ ಸಿದ್ಧಪಡಿಸಿದ ಯಂತ್ರಗಳ ಮೇಲೆ ಪುನಃ ಕಟ್ಟಿದರು. ಹಾಲಿನ ಹಂಡೆಯಲ್ಲಿ ಹುಳಿ ಬಿದ್ದಿರಬಹುದೆಂದು ಸಂಶಯವಾದರೆ ಜಾಣೆಯಾದ ಗೃಹಿಣಿಯು ಹಂಡೆಯನ್ನೇ ತೊಳೆದು ಬೇರೆ ಹಾಲು ಕಾಯಿಸುವದಿಲ್ಲವೇ? ಹಾಗೆಯೇ ಮಾಡಿದರು. ಬೀಟಾ ಒಂದು ವಾರ ತಡವಾಯಿತು. ಪೂರ್ಣ ಆವೃತ್ತಿಯು ಮಾತ್ರ ಮೊದಲು ಗೊತ್ತುಮಾಡಿದಂತೆ ಏಪ್ರಿಲ್ ೨೫ರಂದು ಹೊರಬಂದಿತು.

ಇದರಲ್ಲಿ ನಮಗೆ ಎರಡು ಪಾಠಗಳುಂಟು. ಒಂದು: ಪರೀಕ್ಷಾರ್ಥದ ಆವೃತ್ತಿಯನ್ನು ಉಪಯೋಗಿಸುತ್ತಿದ್ದ ಒಬ್ಬರ ಎಚ್ಚರದಿಂದ, ಪೂರ್ಣ ಆವೃತ್ತಿಯನ್ನು ಉಪಯೋಗಿಸುವ ಬಹುಜನರು ಪಾರಾದರು. ಎರಡು: ಕಾಣಿಸಿದ ವ್ಯತ್ಯಾಸವು ಅಲ್ಪವಾಗಿದ್ದರೂ ಅದನ್ನು ತಳ್ಳಿಹಾಕಬಾರದು.

೪. ಪರಿಶೋಧನೆಗೆ ಮುಂಚಿನ ಸಿದ್ಧತೆ

ಇಲ್ಲಿ ನನ್ನ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳುವದು ಅವಶ್ಯ. ಬಹಳ ವರ್ಷಗಳ ಹಿಂದೆ ಪರೀಕ್ಷಾರ್ಥದ ಒಂದು ವ್ಯವಸ್ಥೆಯನ್ನು ನೋಡುವ ಆತುರದಿಂದ, ಮನೆಯವರೆಲ್ಲರೂ ಉಪಯೋಗಿಸುತ್ತಿದ್ದ ಯಂತ್ರದಲ್ಲಿಯೇ ಅದನ್ನು ಸ್ಥಾಪಿಸಲು ಕೂತೆನು. ಡಿಸ್ಕನ್ನು ಪೂರ್ತಿಯಾಗಿ ಅಳಿಸಲೋ ಎಂದು ಅದು ಸ್ಪಷ್ಟವಾಗಿಯೇ ಕೇಳಿತು. ಓದದೆ ಹೌದೆಂದು ಒತ್ತಿದೆನು. ನಾಲ್ಕು ವರ್ಷಗಳ ಪತ್ರಗಳೂ, ತಂಗಿಯ ಮದುವೆಯ ಚಿತ್ರಗಳೂ, ತೀರಿಹೋದ ತಂದೆಯವರ ಧ್ವನಿಯಿದ್ದ ಒಂದೇ ಒಂದು ಕಡತವೂ ಹೋದವು. ತಾಯಿಯವರು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಕಠಿಣವಾದ ಶಿಕ್ಷೆಯಾಯಿತು. ದೋಷವು ಆ ವ್ಯವಸ್ಥೆಯದಲ್ಲ, ನನ್ನದೇ. ಆದಕಾರಣ ಕೆಳಗಿನ ನಿಯಮಗಳನ್ನು ನಾನು ಪುಸ್ತಕದಿಂದ ಕಲಿತವಳಾಗಿ ಬರೆಯುತ್ತಿಲ್ಲ.

ಮೊದಲನೆಯದಾಗಿ, ಕಳೆದುಕೊಳ್ಳಲಾರದ ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿನಲ್ಲಿ ಪ್ರತಿಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಪೆಟ್ಟಿಗೆಯಲ್ಲಿಡಿರಿ. ಪ್ರತಿಯು ತೆರೆಯುವದೋ ಎಂದು ಒಮ್ಮೆ ನೋಡಿರಿ; ತೆರೆಯದ ಪ್ರತಿಯು ಪ್ರತಿಯೇ ಅಲ್ಲ.

ಎರಡನೆಯದಾಗಿ, ದಿನದ ಕೆಲಸವು ನಿಂತಿರುವ ಯಂತ್ರವನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿರಿ. ಹಳೆಯದೊಂದು ಯಂತ್ರವಿದ್ದರೆ ಉತ್ತಮ. ಉಬುಂಟು ೨೪.೦೪ಕ್ಕೆ ೪ ಗಿಗಾಬೈಟು ನೆನಪೂ, ಸ್ಥಾಪಿಸುವದಾದರೆ ಡಿಸ್ಕಿನಲ್ಲಿ ೨೫ ಗಿಗಾಬೈಟು ಸ್ಥಳವೂ ಬೇಕೆಂದು ಅದನ್ನು ಕಟ್ಟಿದವರು ತಿಳಿಸಿದ್ದಾರೆ.

ಮೂರನೆಯದಾಗಿ, ಯಂತ್ರದಲ್ಲಿ ವಿಂಡೋಸ್ ಇದ್ದು ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿದ್ದರೆ, ಅದನ್ನು ಪುನಃ ತೆರೆಯುವ ಉದ್ದವಾದ ಅಂಕಿಯನ್ನು ಮುಂಚಿತವಾಗಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ಯಂತ್ರವು ಪ್ರಾರಂಭವಾಗುವ ಕ್ರಮವನ್ನು ಬದಲಿಸಿದಾಗ ಅದು ಆ ಅಂಕಿಯನ್ನು ಕೇಳುವದುಂಟು.

ನಾಲ್ಕನೆಯದಾಗಿ, ವ್ಯವಸ್ಥೆಯ ಪ್ರತಿಯನ್ನು ಅದನ್ನು ಕಟ್ಟಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿರಿ. ಐದು ಗಿಗಾಬೈಟಿಗೂ ಹೆಚ್ಚಾದ ಕಡತವದು. ದಾರಿಯಲ್ಲಿ ಒಂದು ಅಕ್ಷರ ಕೆಟ್ಟರೂ ನಡೆಯುವಾಗ ತೊಡಕು ಬರುವದು. ಅದನ್ನು ತಾಳೆನೋಡುವದಕ್ಕಾಗಿ ೬೪ ಅಕ್ಷರಾಂಕಗಳ ಒಂದು ಗುರುತನ್ನು ಕಟ್ಟಿದವರು ಪ್ರಕಟಿಸಿರುತ್ತಾರೆ. ನಿಮ್ಮ ಯಂತ್ರದಲ್ಲಿಯೂ ಲೆಕ್ಕಹಾಕಿ ಎರಡನ್ನೂ ಹೋಲಿಸಿರಿ. ಕಡತದಲ್ಲಿ ಒಂದು ಬಿಂದುವು ಬದಲಾದರೂ ಗುರುತು ಪೂರ್ತಿಯಾಗಿ ಬೇರೆಯಾಗುತ್ತದೆ. ಎರಡೂ ಒಂದೇ ಆಗಿದ್ದರೆ ಮಾತ್ರ ಮುಂದುವರಿಯತಕ್ಕದ್ದು.

೫. ಪರಿಶೋಧಿಸುವ ಕ್ರಮ

ಇಳಿಸಿಕೊಂಡ ಪ್ರತಿಯನ್ನು ೧೬ ಗಿಗಾಬೈಟಿನ ಒಂದು ಯು.ಎಸ್.ಬಿ. ಕಡ್ಡಿಗೆ ಬರೆಯಬೇಕು. ಇದಕ್ಕೆ ರೂಫಸ್, ಎಚರ್ ಮೊದಲಾದ ಸಾಧನಗಳುಂಟು. ಬರೆಯುವಾಗ ಆ ಕಡ್ಡಿಯಲ್ಲಿ ಮೊದಲಿದ್ದದ್ದೆಲ್ಲವೂ ಅಳಿಸಿಹೋಗುವದೆಂಬದು ನೆನಪಿರಲಿ. ಬಳಿಕ ಕಡ್ಡಿಯನ್ನು ಸಿಕ್ಕಿಸಿ ಯಂತ್ರವನ್ನು ಪ್ರಾರಂಭಿಸಿ, ಡಿಸ್ಕಿಗೆ ಬದಲಾಗಿ ಕಡ್ಡಿಯಿಂದ ನಡೆಯುವಂತೆ ಆರಿಸಿಕೊಳ್ಳಬೇಕು. ಆಗ ಸ್ಥಾಪಿಸುವದೋ, ಸುಮ್ಮನೆ ನೋಡುವದೋ ಎಂದು ವ್ಯವಸ್ಥೆಯು ಕೇಳುತ್ತದೆ. ನೋಡುವದನ್ನೇ ಆರಿಸಿರಿ. ಹೀಗೆ ಮಾಡಿದರೆ ಎಲ್ಲವೂ ನೆನಪಿನಲ್ಲಿಯೇ ನಡೆಯುವದು. ನೀವಾಗಿ ಬರೆಯದ ಹೊರತು ಡಿಸ್ಕಿನಲ್ಲಿದ್ದದ್ದಕ್ಕೆ ಏನೂ ಆಗದು. ಯಂತ್ರವನ್ನು ಆರಿಸಿದೊಡನೆ ನೀವು ಮಾಡಿದ್ದೆಲ್ಲವೂ ಮಾಯವಾಗುವದು. ಕಡ್ಡಿಯಿಂದ ಓದುವ ಕಾರಣ ವೇಗ ಕಡಿಮೆಯಾಗಿರುತ್ತದೆ. ಅದನ್ನು ದೋಷವೆಂದು ಎಣಿಸಬಾರದು.

ಯಂತ್ರದೊಳಗೆ ಇನ್ನೊಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ ಅದರಲ್ಲಿ ನೋಡುವ ಪದ್ಧತಿಯೂ ಉಂಟು. ಅದು ಎಲ್ಲಕ್ಕಿಂತ ಸುರಕ್ಷಿತ. ಆದರೆ ನಿಮ್ಮ ನಿಜವಾದ ನಿಸ್ತಂತು ಸಂಪರ್ಕವೂ ತೆರೆಯೂ ಅದರಿಂದ ಪರೀಕ್ಷಿತವಾಗುವದಿಲ್ಲ.

ಒಳಗೆ ಹೋದ ಮೇಲೆ ಏನನ್ನು ನೋಡಬೇಕು? ಹೊಸ ಬಣ್ಣಗಳನ್ನೂ ಚಿತ್ರಗಳನ್ನೂ ನೋಡಿ ಸಂತೋಷಪಡುವದು ಪರಿಶೋಧನೆಯಲ್ಲ. ಮನೆಯವರು ದಿನಾಲು ಮಾಡುವ ಕೆಲಸಗಳ ಪಟ್ಟಿಯೊಂದನ್ನು ಮೊದಲೇ ಬರೆದಿಟ್ಟುಕೊಂಡು ಒಂದೊಂದನ್ನಾಗಿ ಮಾಡಿನೋಡಬೇಕು. ನಿಸ್ತಂತು ಸಂಪರ್ಕವು ಸಿಗುವದೋ? ಧ್ವನಿಯು ಕೇಳಿಸುವದೋ? ಕ್ಯಾಮರದಲ್ಲಿ ಮುಖ ಕಾಣಿಸುವದೋ? ಮುದ್ರಣಯಂತ್ರವು ಗುರುತುಹತ್ತುವದೋ? ಮುಚ್ಚಿದ ಮಡಿಲಯಂತ್ರವನ್ನು ತೆರೆದಾಗ ನಿದ್ದೆಯಿಂದ ಏಳುವದೋ? ದೃಷ್ಟಿ ಮಂದವಾದ ಅಜ್ಜಿಗಾಗಿ ಅಕ್ಷರಗಳನ್ನು ದೊಡ್ಡದು ಮಾಡಿದರೆ ಗುಂಡಿಗಳು ತೆರೆಯ ಹೊರಗೆ ಹೋಗುವವೋ? ಪ್ರತಿಯೊಂದರ ಮುಂದೆಯೂ ಆಯಿತು, ಆಗಲಿಲ್ಲ ಎಂದು ಗುರುತು ಹಾಕಿರಿ. ಸಾಧ್ಯವಿದ್ದರೆ, ಯಂತ್ರದ ವಿಷಯ ಏನೂ ತಿಳಿಯದ ತಾಯಿಯನ್ನೋ ಅತ್ತೆಯನ್ನೋ ಕೂರಿಸಿ, ನೀವು ಬಾಯಿಬಿಡದೆ ಪಕ್ಕದಲ್ಲಿ ನಿಂತು ನೋಡಿರಿ. ಅವರು ಎಲ್ಲಿ ತಡವರಿಸುವರೋ ಅಲ್ಲಿ ಒಂದು ದೋಷವಿದೆಯೆಂದು ತಿಳಿಯಿರಿ. ಅವರ ಮೇಲೆ ತಪ್ಪು ಹೊರಿಸಬೇಡಿರಿ.

೬. ಕನ್ನಡವನ್ನು ಪರಿಶೋಧಿಸುವದು

ಇದು ನಮ್ಮ ಪಾಲಿನ ಮುಖ್ಯ ಕೆಲಸ. ೨೦೨೩ನೆಯ ಅಕ್ಟೋಬರ ೧೨ರಂದು ಉಬುಂಟು ೨೩.೧೦ ಎಂಬ ಪೂರ್ಣ ಆವೃತ್ತಿಯು ಹೊರಬಂದಿತು. ಸುಮಾರು ಮೂರು ಗಂಟೆಗಳಾಗುವಷ್ಟರಲ್ಲಿ ಅದರ ಡೆಸ್ಕ್‌ಟಾಪ್ ಪ್ರತಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕಾರಣವೇನಂದರೆ, ಸ್ಥಾಪಿಸುವಾಗ ಕಾಣಿಸುವ ಮಾತುಗಳ ಯುಕ್ರೇನಿಯನ್ ಭಾಷಾಂತರದಲ್ಲಿ ಯಾರೋ ದುರುದ್ದೇಶದಿಂದ ದ್ವೇಷದ ಮಾತುಗಳನ್ನು ಸೇರಿಸಿದ್ದರು. ಭಾಷಾಂತರವು ಯಾರಾದರೂ ಸಹಾಯಮಾಡಬಹುದಾದ ಬಹಿರಂಗ ಸ್ಥಳದಲ್ಲಿ ನಡೆದಿತ್ತು. ಯಂತ್ರದ ಪರೀಕ್ಷೆಗಳಿಂದ ಇಂಥದ್ದು ಗೊತ್ತಾಗುವದಿಲ್ಲ. ಯಾಕಂದರೆ ಯಂತ್ರಕ್ಕೆ ಅಕ್ಷರವು ಕಾಣಿಸುವದೇ ಹೊರತು ಅರ್ಥವು ತಿಳಿಯದು. ಆ ಭಾಷೆಯನ್ನು ಓದಬಲ್ಲವರು ಹೊರಡುವದಕ್ಕೆ ಮುಂಚೆಯೇ ಆ ಪುಟಗಳನ್ನು ಓದಿದ್ದರೆ ಆ ಅವಮಾನವು ತಪ್ಪುತ್ತಿತ್ತು.

ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ನಮ್ಮ ಭಾಷೆಯ ಪುಟಗಳನ್ನು ನಾವು ಓದದಿದ್ದರೆ ಇನ್ನಾರು ಓದುವರು? ಹೀಗೆ ಮಾಡಿರಿ: ಭಾಷೆಯನ್ನು ಆರಿಸುವ ಸ್ಥಳದಲ್ಲಿ ಕನ್ನಡವನ್ನು ಆರಿಸಿ ಪ್ರತಿಪುಟದ ಮಾತುಗಳನ್ನೂ ನಿಧಾನವಾಗಿ ಓದಿರಿ. ಅರ್ಥಕೆಟ್ಟ ವಾಕ್ಯ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ನಿಂತ ಗುಂಡಿ, ಕತ್ತರಿಸಿಹೋದ ಪದ, ಇವುಗಳನ್ನು ಬರೆದಿಟ್ಟುಕೊಳ್ಳಿರಿ.

ಆ ಬಳಿಕ ಲಿಪಿಯನ್ನು ನೋಡಿರಿ. ಕನ್ನಡದ ಒತ್ತಕ್ಷರಗಳು ರೋಮನ್ ಅಕ್ಷರಗಳಂತೆ ಸಾಲಾಗಿ ನಿಲ್ಲುವದಿಲ್ಲ. ಒಂದರ ಕೆಳಗೊಂದು ಇಳಿಯುತ್ತವೆ, ಪಕ್ಕಕ್ಕೆ ಸರಿಯುತ್ತವೆ. ರಾಷ್ಟ್ರ, ಜ್ಞಾನ, ಕ್ರೈಸ್ತ, ಸ್ತ್ರೀ, ಸ್ವಾತಂತ್ರ್ಯ ಎಂಬ ಪದಗಳನ್ನು ಬರೆದು ನೋಡಿರಿ. ಅರ್ಥ, ಕರ್ತ ಎಂಬವುಗಳಲ್ಲಿ ಮೊದಲು ಉಚ್ಚರಿಸುವ ರಕಾರವು ಅರ್ಕಾವೊತ್ತಾಗಿ ಮುಂದಿನ ಅಕ್ಷರದ ಬಲಕ್ಕೆ ಹೋಗಿ ನಿಂತಿದೆಯೋ ಗಮನಿಸಿರಿ. ಕೆಳಗಿನ ಒತ್ತು ಮುಂದಿನ ಸಾಲಿನ ಮೇಲೆ ಬಿದ್ದಿದೆಯೋ, ತುದಿಯು ಕತ್ತರಿಸಿದೆಯೋ, ಅಕ್ಷರದ ಬದಲಿಗೆ ಖಾಲಿ ಚೌಕಗಳು ಕಾಣಿಸುತ್ತವೆಯೋ ನೋಡಿರಿ. ಗುಬ್ಬಿ, ನವಿಲು, ಲೋಹಿತ್ ಎಂಬ ಹೆಸರಿನ ಕನ್ನಡ ಅಕ್ಷರಶೈಲಿಗಳು ಉಬುಂಟುವಿನ ಉಗ್ರಾಣದಲ್ಲಿ ಸಿಗುತ್ತವೆ. ಒಂದೊಂದರಲ್ಲಿಯೂ ಇದೇ ಪದಗಳನ್ನು ನೋಡುವದು ಒಳ್ಳೆಯದು. ಕೀಲಿಮಣೆಯ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂಬದೂ ಇರುತ್ತದೆ. ಅದನ್ನು ಆರಿಸಿ ಒಂದು ಪುಟ ಬರೆಯಿರಿ. ಹಿಂದಕ್ಕೆ ಅಳಿಸುವ ಕೀಲಿಯನ್ನು ಒಂದು ಸಲ ಒತ್ತಿದರೆ ಏನು ಅಳಿಸುತ್ತದೆ, ಹುಡುಕಿದ ಪದವು ಸಿಗುತ್ತದೆಯೋ, ಮುದ್ರಿಸಿದ ಹಾಳೆಯಲ್ಲಿ ತೆರೆಯಲ್ಲಿ ಕಂಡಂತೆಯೇ ಬಂದಿದೆಯೋ, ಇವೂ ಪರೀಕ್ಷೆಯ ಭಾಗಗಳೇ. ಇದಕ್ಕೆ ಯಂತ್ರವಿದ್ಯೆಯ ಪದವಿ ಬೇಡ. ಹೈಸ್ಕೂಲಿನ ಕನ್ನಡ ಪಂಡಿತರು ಕಲಿಸಿದ ಕಾಗುಣಿತವು ಮರೆತಿರದಿದ್ದರೆ ಸಾಕು.

೭. ದೋಷವನ್ನು ತಿಳಿಸುವ ರೀತಿ

ಕಂಡ ದೋಷವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ನೆರೆಯವಳ ಹತ್ತಿರ ದೂರುವದರಿಂದಲೂ ಪ್ರಯೋಜನವಿಲ್ಲ. ತಿದ್ದಬಲ್ಲವರಿಗೆ ತಿಳಿಸಬೇಕು. ಉಬುಂಟುವಿನ ದೋಷಗಳನ್ನು ಲಾಂಚ್‌ಪ್ಯಾಡ್ ಎಂಬ ದಾಖಲೆಯ ಸ್ಥಳದಲ್ಲಿ ಬರೆಯುತ್ತಾರೆ. ಬರೆಯುವಾಗ ಮೂರು ಮಾತು ಇರಲೇಬೇಕು: ನಾನು ಏನೇನು ಮಾಡಿದೆನು, ಏನಾಗಬೇಕೆಂದು ಎದುರುನೋಡಿದೆನು, ನಿಜವಾಗಿ ಏನಾಯಿತು. ಇದರೊಡನೆ ಯಂತ್ರದ ಹೆಸರು, ಆವೃತ್ತಿಯ ಸಂಖ್ಯೆ, ತೆರೆಯ ಚಿತ್ರ ಇದ್ದರೆ ಉತ್ತಮ. ಬರೆಯುವದಕ್ಕೆ ಮುಂಚೆ ಅದನ್ನು ಇನ್ನೊಮ್ಮೆ ಮಾಡಿನೋಡಿ, ಪುನಃ ಹಾಗೆಯೇ ಆಗುವದೋ ಎಂದು ನಿಶ್ಚಯಿಸಿಕೊಳ್ಳಿರಿ. ಬೇರೊಬ್ಬರು ಅದನ್ನೇ ಬರೆದಿದ್ದಾರೋ ಎಂದು ಹುಡುಕಿರಿ. ಬರೆದಿದ್ದರೆ ನಿಮ್ಮ ಸಾಕ್ಷಿಯನ್ನು ಅಲ್ಲಿಯೇ ಸೇರಿಸಿರಿ. ತೆರೆಯ ಚಿತ್ರದಲ್ಲಿ ಮನೆಯ ಪತ್ರ, ಹೆಸರು, ಗುಪ್ತಪದ ಬಾರದಂತೆ ನೋಡಿಕೊಳ್ಳಿರಿ; ಆ ದಾಖಲೆಯು ಎಲ್ಲರ ಕಣ್ಣಿಗೂ ತೆರೆದಿರುವದು.

ಭಾಷೆಯು ಸೌಮ್ಯವಾಗಿರಲಿ. ಕೊಲ್ಲಿನ್ ಅವರ ವೃತ್ತಾಂತವನ್ನು ನೆನಪಿಗೆ ತಂದುಕೊಳ್ಳಿರಿ. ಒಬ್ಬಂಟಿಗನಾಗಿ ದುಡಿಯುತ್ತಿದ್ದವನನ್ನು ನಿಷ್ಠುರದ ಮಾತುಗಳಿಂದ ದಣಿಸಿದ್ದು ಕಳ್ಳಬಾಗಿಲಿಗೆ ದಾರಿಮಾಡಿದ ಉಪಾಯಗಳಲ್ಲಿ ಒಂದು. ಧರ್ಮಾರ್ಥವಾಗಿ ದುಡಿಯುವವರಿಗೆ ದೋಷವನ್ನು ತಿಳಿಸುವವಳು ಒಂದು ಕೃತಜ್ಞತೆಯ ಮಾತನ್ನೂ ಬರೆದರೆ ಆಕೆಗೆ ನಷ್ಟವೇನು?

೮. ಮುಕ್ತಾಯ

ಇಷ್ಟು ಶ್ರಮವನ್ನು ಕೂಲಿಯಿಲ್ಲದೆ ಯಾಕೆ ವಹಿಸಬೇಕೆಂದು ಕೆಲವು ಪೋಷಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಬಿಡುವಿಲ್ಲದ ಮನೆಯಲ್ಲಿ ಇದನ್ನು ಕರ್ತವ್ಯವೆಂದು ಹೇರುವದು ಸಲ್ಲದು. ಒಂದೇ ಯಂತ್ರವಿದ್ದು ಅದರಿಂದಲೇ ಜೀವನ ಸಾಗುವವರು ಪೂರ್ಣ ಆವೃತ್ತಿಗಾಗಿ ಕಾಯುವದೇ ವಿವೇಕ. ಆದರೆ ಬಿಡುವೂ ಹಳೆಯ ಯಂತ್ರವೂ ಇರುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನಪಾಠವು ಸಿಗುವದು ಅಪೂರ್ವ. ಕಂಡದ್ದನ್ನು ಕಂಡ ಹಾಗೆ ಬರೆಯುವದು, ಒಂದು ಸಲ ಆದದ್ದನ್ನು ಎರಡನೆಯ ಸಲ ನಿಶ್ಚಯಿಸುವದು, ತನ್ನ ತಪ್ಪನ್ನೂ ಯಂತ್ರದ ತಪ್ಪನ್ನೂ ಬೇರ್ಪಡಿಸುವದು, ಇವನ್ನು ಅವಳು ಕೈಯಾರೆ ಕಲಿಯುವಳು. ಅದಲ್ಲದೆ, ನಾವು ಕೂಲಿ ಕೊಡದೆ ಉಪಯೋಗಿಸುತ್ತಿರುವ ವಸ್ತುವನ್ನು ಯಾರೋ ಕೂಲಿ ತೆಗೆದುಕೊಳ್ಳದೆ ಕಟ್ಟಿದ್ದುಂಟು.

ಪೌಲನು ಥೆಸಲೋನಿಕದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಕಡೆಯ ಅಧ್ಯಾಯದಲ್ಲಿ ಪರಿಶೋಧನೆಯ ವಿಷಯವಾಗಿ ಒಂದು ಬುದ್ಧಿವಾದವುಂಟು. ಸಕಲವನ್ನೂ ಪರೀಕ್ಷೆಗೆ ತರಬೇಕೆಂಬದು ಅದರ ಮೊದಲನೆಯ ಭಾಗ. ಒಳ್ಳೆಯದನ್ನು ಬಿಡದೆ ಹಿಡಿದುಕೊಳ್ಳಬೇಕೆಂಬದು ಎರಡನೆಯದು. ಹೊಸದೆಂದು ಕಣ್ಣುಮುಚ್ಚಿ ಸ್ವೀಕರಿಸುವವಳೂ, ಹೊಸದೆಂದು ಹೆದರಿ ದೂರವಿಡುವವಳೂ ಈ ಬುದ್ಧಿವಾದದಂತೆ ನಡೆದವರಲ್ಲ. ಮುಂದಿನ ಬೀಟಾ ಹೊರಟಾಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದರೂ ಕಡತಗಳನ್ನು ಮೊದಲು ಜೋಪಾನಮಾಡಿ, ಕನ್ನಡದ ಪುಟಗಳನ್ನು ತೆರೆದು ಓದಿ, ಒಂದು ದೋಷವನ್ನಾದರೂ ತಿಳಿಸಿದರೆ ಈ ಲೇಖನವು ಸಾರ್ಥಕವಾಯಿತೆಂದು ಎಣಿಸುವೆನು.

ಮನನಕ್ಕಾಗಿ ಪ್ರಶ್ನೆಗಳು

೧. ಕಟ್ಟಿದವರು ಪರೀಕ್ಷಿಸಿದ ಮೇಲೆಯೂ ಹೊರಗಿನವರ ಪರೀಕ್ಷೆಯು ಬೇಕಾಗುವದು ಯಾಕೆ?
೨. ಅರ್ಧ ಸೆಕೆಂಡಿನ ವ್ಯತ್ಯಾಸದಿಂದ ಯಾವ ಅಪಾಯವು ಬೆಳಕಿಗೆ ಬಂದಿತು? ಅದು ಪೂರ್ಣ ಆವೃತ್ತಿಗಳನ್ನು ಮುಟ್ಟದೆ ಹೋದದ್ದು ಹೇಗೆ?
೩. ೨೪.೦೪ರ ಬೀಟಾ ತಡವಾದದ್ದು ಕಟ್ಟುವವರಿಗೆ ಗೌರವವೋ ಅಗೌರವವೋ? ಕಾರಣ ಕೊಡಿರಿ.
೪. ಕಡ್ಡಿಯಿಂದ ನಡೆಸಿ ನೋಡುವದಕ್ಕೂ ಡಿಸ್ಕಿನಲ್ಲಿ ಸ್ಥಾಪಿಸುವದಕ್ಕೂ ಇರುವ ಭೇದವೇನು?
೫. ನಿಮ್ಮ ಮನೆಯವರು ಯಂತ್ರದಲ್ಲಿ ದಿನಾಲು ಮಾಡುವ ಹತ್ತು ಕೆಲಸಗಳ ಪಟ್ಟಿಯನ್ನು ಬರೆಯಿರಿ. ಕನ್ನಡ ಲಿಪಿಗೆ ಸಂಬಂಧಪಟ್ಟವು ಅವುಗಳಲ್ಲಿ ಎಷ್ಟು?